ಸಬ್ಬಸಿಗೆ

ಬುಧವಾರ. ಆರೂ ಮುಕ್ಕಾಲು.
ಟ್ರಾಮನ್ನು ಡಿಪೋದಲ್ಲಿ ಬಿಟ್ಟು ಬರುವಾಗ
ಅಂಗೈಯಲ್ಲಿನ್ನೂ ಬ್ರೇಕಿನ ಹಿಡಿಯ ನಡುಕ.
ವಿಸ್ತುಲಾ ಮೇಲಿಂದ ಬೀಸುವ ಗಾಳಿಗೆ
ವಾರ್ಸಾದ ಈ ದಂಡೆಯಲ್ಲಿ ಕರುಣೆಯಿಲ್ಲ.
ಆ ದಂಡೆಯಲ್ಲಿ ಇದೆಯೆಂದು ಕೇಳಿದ್ದೇನೆ.

ಥ್ವಾಳ ಅಂಗಡಿ ಸ್ಟಾಪಿನ ಎದುರಿಗೇ.
ಅಕ್ಕಿ ಶಾವಿಗೆ ಒಂದು ಕಟ್ಟು, ಗೇಣುದ್ದ ಶುಂಠಿ,
ಮೀನಿನ ಸಾಸು.
ಎಷ್ಟು ಹಾಕಲಿ ಎಂದು ಮೊದಲ ಸಲ ಕೇಳಿದಾಗ
ಅವಳೆಂದಿದ್ದಳು:
"ಅತ್ತೆ ಬೈಯುವಷ್ಟು, ಮಗ ಇನ್ನೂ ಕೇಳುವಷ್ಟು.
ನಡುವೆ ಎಲ್ಲೋ."

ಇಪ್ಪತ್ತು ನಿಮಿಷದ ಅಡುಗೆ.
ಅಪ್ಪಟ ಎಂಬ ಮಾತು ನನ್ನ ಒಲೆಯ ಹತ್ತಿರ ಸುಳಿಯುವುದಿಲ್ಲ.
ಅವರ ಸೊಪ್ಪಿಲ್ಲದ ದಿನ ನಮ್ಮದೇ ಎಲೆಕೋಸು,
ಹಂದಿಮಾಂಸದ ಬದಲು ಭಾನುವಾರ ಉಳಿದ ಸಾಸೇಜಿನ ತುಂಡು,
ಅತ್ತೆಯ ಮದುವೆಗೆ ಉಡುಗೊರೆ ಬಂದ ಕಬ್ಬಿಣದ ಬಾಣಲೆ.
ಅದನ್ನು ಮುಟ್ಟಿದ್ದಕ್ಕೇ ಒಂದು ವಾರ ಮಾತು ಬಿಟ್ಟಿದ್ದರು.

ಜಜ್ಜಿದ ಬೆಳ್ಳುಳ್ಳಿ ಎಣ್ಣೆಗೆ ಬಿದ್ದು ಚುರ್ ಎಂದರೆ
ಕಾಯೆತಾನ್ ಗಣಿತದ ಪುಸ್ತಕ ಮಡಿಚುತ್ತಾನೆ.
ಮಡಿಚಲು ಒಂದು ನೆಪ ಬೇಕಿತ್ತು, ಅಷ್ಟೆ.
ಬಿಸಿನೀರಿನಲ್ಲಿ ಶಾವಿಗೆ ಮೈ ಸಡಿಲಿಸುತ್ತದೆ.
ಆಗ ನೆನಪಾಗುತ್ತದೆ ನನಗೆ,
ಬೂಟು ಇನ್ನೂ ಕಳಚಿಲ್ಲ.

ಬಾಟಲಿಯ ಮುಚ್ಚಳ ತೆಗೆದದ್ದೇ ತಡ
ಅತ್ತೆ ಗೆನೊವೆಫಾ, ಎಂಬತ್ತೊಂದು ತುಂಬಿದವರು,
ಮೂಗು ಮುರಿದು ಎದ್ದು ಕಿಟಕಿ ತೆರೆಯುತ್ತಾರೆ.
ಹೊರಗೆ ಮೈನಸ್ ಒಂಬತ್ತು.
"ಸತ್ತ ಬಂದರಿನ ವಾಸನೆ!"
ನಾನು ಸುಮ್ಮನಿರುತ್ತೇನೆ.
ದಿನವಿಡೀ ಗಂಟೆ ಬಾರಿಸಿ ಜನರಿಂದ ದಾರಿ ಬಿಡಿಸಿದವಳು
ಮನೆಯಲ್ಲೂ ಬಾರಿಸಲೇ?

ಈ ಬುಧವಾರ ಮಾತ್ರ
ಕಿಟಕಿಯವರೆಗೆ ಹೋದವರು ಚಿಲಕ ಮುಟ್ಟಲಿಲ್ಲ.
ಕಟ್ಟೆಯ ಮೇಲಿನ ಕುಂಡಕ್ಕೆ ಬಾಗಿ
ಹೊಲಿಗೆಯ ಕತ್ತರಿಯಿಂದ ಸಬ್ಬಸಿಗೆ ಕತ್ತರಿಸಿ ತಂದು
ಹೇಳದೆ ಕೇಳದೆ ಬಾಣಲೆಗೆ ಸುರಿದುಬಿಟ್ಟರು.
"ಸಬ್ಬಸಿಗೆ ಇಲ್ಲದ್ದೂ ಒಂದು ಊಟವೇ?"

ಸಿಟ್ಟು ನೆತ್ತಿಗೇರಿತು.
ಇದೇನು ಬೇಯಿಸಿದ ಆಲೂಗಡ್ಡೆಯೇ, ಸೌತೆಕಾಯಿಯ ಭರಣಿಯೇ?
ತಿಂದೆ.
ಕಾಯೆತಾನ್ ಎರಡು ಸಲ ಹಾಕಿಸಿಕೊಂಡ.
ಅವರು ಬ್ರೆಡ್ಡಿನ ಚೂರಿನಿಂದ ತಟ್ಟೆ ಒರೆಸಿ ಬಾಯಿಗಿಟ್ಟರು.
ರುಚಿಯ ವಿಷಯ ಯಾರೂ ಎತ್ತಲಿಲ್ಲ.

ಗುರುವಾರ ಮಧ್ಯಾಹ್ನದ ಪಾಳಿಗೆ ಮುಂಚೆ
ಥ್ವಾಳ ಬಳಿ ದೂರು ಹೇಳಿಕೊಂಡೆ.
ನಕ್ಕಳು, ಗಲ್ಲಾಪೆಟ್ಟಿಗೆ ಮುಚ್ಚುವುದನ್ನೂ ಮರೆತು.
"ನಮ್ಮ ಹನೋಯಿಯಲ್ಲಿ ಮೀನಿಗೆ ಸಬ್ಬಸಿಗೆ ಬೀಳದಿದ್ದರೆ
ಕಿಟಕಿ ತೆರೆಯುತ್ತಿದ್ದವರು ನಮ್ಮತ್ತೆ!"

ಎರಡು ಬಾಟಲಿ ಕೊಂಡೆ.
ಒಂದರ ಮುಚ್ಚಳ ಸಡಿಲ. ಚೀಲದಲ್ಲಿ ಸೋರಿ
ಟ್ರಾಮಿನ ಮುಂಭಾಗವೆಲ್ಲ ಘಮವೋ ನಾತವೋ.
ಜನ ಹಿಂದಕ್ಕೆ ಹಿಂದಕ್ಕೆ ಸರಿದರು.
ಸೇತುವೆ ದಾಟಿದ ಮೇಲೆ ಹತ್ತಿದ ಮುದುಕರೊಬ್ಬರು
ನನ್ನ ಗಾಜು ತಟ್ಟಿ ಕೇಳಿದರು:
"ರಾತ್ರಿಗೇನಮ್ಮ ಅಡುಗೆ?"