ತಕರಾರು ಉಳಿಸಿಕೊಂಡು

ಲೋಕಾಪುರ ದಾಟಿ ಮುಧೋಳದ ಕಡೆ ಹೊಂಟಾಗ
ಕತ್ತಲಿಯೊಳಗ ಇನ್ನೊಂದು ಕತ್ತಲಿ ನಿಂತಿತ್ತು.
ಹಿಂದ ದೀಪಿಲ್ಲ, ಕೆಂಪು ಪಟ್ಟಿ ಇಲ್ಲ,
ಎರಡು ಟ್ರಾಲಿ ಕಬ್ಬು, ಅರ್ಧ ರಸ್ತೆಕ ಚಾಚಿ.
ಬ್ರೇಕ್ ಹಿಡೀತು. ಜಾಗ ಸಾಲಲಿಲ್ಲ.

ಹಿಂದಿನ ಸೀಟಿನಾಗ ಸಂಗಪ್ಪಜ್ಜ,
ಬಾಗಲಕೋಟಿಯಾಗ ಡಯಾಲಿಸಿಸ್ ಮುಗಿಸಿ ಮಲಗಿದಾವ,
ಎದ್ದು ಕೇಳಿದ: "ಊರು ಬಂತೇನ, ಗುರುಬಾಯಿ?"
ಅವನಿಗೇನೂ ಆಗಿರಲಿಲ್ಲ. ಅದನ್ನ ಮೊದಲ ಹೇಳಬೇಕು.
ಉಳಿದದ್ದೆಲ್ಲ ತಗಡು.

ತಗಡಿಗೂ ಒಂದು ಲೆಕ್ಕ ಐತಲ್ಲ.
ವರ್ಷಾ ವರ್ಷಾ ತಪ್ಪದ ತುಂಬಿದ ಹಣ,
ಒಮ್ಮೆ ಕಿವಿಯೋಲಿ ಒತ್ತಿ ಇಟ್ಟು ತುಂಬಿದ್ದು.

ಫೋನಿನಾಗ ಒಬ್ಬಾಕಿ ಅಂದ್ಲು:
ಗಾಡಿ ಬೆಳಗಾವಿಗೆ ಒಯ್ರಿ, ಅಲ್ಲಿ ನಮ್ಮ ಗ್ಯಾರೇಜ್ ಐತಿ.
ನಾನಂದೆ: ಇಲ್ಲೆ ದಸ್ತಗೀರ್ ಕಾಕಾ ಅದಾನ,
ಈ ಗಾಡಿಯ ಕೆಮ್ಮು ಅವನಿಗೆ ಗೊತ್ತು.
ಒಯ್ಯಲೇಬೇಕಂತ ಎಲ್ಲಿ ಬರದೈತಿ?
ಹಾಡು ಹಚ್ಚಿ ಹೋದ್ಲು. ಬಾಳೊತ್ತು ಹಾಡಿತು ಫೋನು.
ತಿರುಗಿ ಬಂದು, ದನಿ ತಗ್ಗಿಸಿ:
"ಬರದಿಲ್ಲ ಮೇಡಮ್. ಆದ್ರ ಎಲ್ಲಾರೂ ಒಯ್ತಾರ."

ನಾಕು ದಿನಕ್ಕ ಸರ್ವೇಯರ್ ಬಂದ,
ಬೇವಿನ ನೆರಳಿಗೆ ಬೈಕ್ ನಿಲ್ಲಿಸಿ, ಟೊಪಗಿ ತಗೀದ.
"ಮಾಲಕರು ಎಲ್ಲದಾರ?"
ನಾನ.
"ಅಲ್ಲಾ, ಡ್ರೈವರು?"
ಅದೂ ನಾನ.
ಲೈಸೆನ್ಸ್ ಎರಡು ಸಲ ತಿರುವಿ ನೋಡಿದ,
ಬಾಗಿಲ ಒಂದ ಸಲ.
ಬಂಪರ್ ಬರ್ಕೊಂಡ, ದೀಪ ಬರ್ಕೊಂಡ,
ಬಾಗಿಲದ ಮುಂದ ಎರಡಕ್ಷರ: ಹಳೇ ಪೆಟ್ಟು.

ನಾನು ಸಿಟ್ಟಿಗೇಳಲಿಲ್ಲ. ಬಾ ಸಾಹೇಬ, ಅಂದೆ, ಬಗ್ಗಿ ನೋಡು.
ಸೀಳಿದ ಬಾಗಿಲದ ಸಂದಿಯಾಗ
ಅರದು ಒಣಗಿದ ಕಬ್ಬಿನ ಸಿಪ್ಪಿ,
ಅದರ ಬೆನ್ನಿಗೆ ಇರುವಿ ಸಾಲು,
ಬೇವಿನ ಬುಡದಿಂದ ಟೈರಿಗೆ, ಟೈರಿನಿಂದ ತಗಡಿಗೆ.
ಇವಕ್ಕ ಯಾರು ಹೇಳ್ಯಾರ?
ಹಳೇ ಪೆಟ್ಟಿನಾಗ ಸಿಹಿ ಇಷ್ಟು ದಿನ ಉಳಿತೈತೇನ?
ಅವ ಒಂದು ಫೋಟೋ ತಗೊಂಡ. ಬರದದ್ದನ್ನ ಹೊಡೀಲಿಲ್ಲ.

ರಿಪೋರ್ಟಿನ ನಕಲು ಕೊಡ್ರಿ ಅಂದೆ.
ಅದು ಕಂಪನಿಗೆ, ನಿಮಗಲ್ಲ ಅಂದ.
ನನ್ನ ಗಾಡಿ, ನನ್ನ ಪೆಟ್ಟು, ನನ್ನ ಹಣ,
ಓದೂದು ಮಾತ್ರ ನಿಮ್ಮದೇನ್ರಿ?
ಒಂದು ಅರ್ಜಿ ಬರದೆ. ಮತ್ತೊಂದು ಬರದೆ.
ಮೂರನೇದಕ್ಕ ರಿಜಿಸ್ಟರ್ ಅಂಚಿ, ಚೀಟಿ ಜ್ವಾಕಿ.
ಹನ್ನೊಂದನೇ ದಿನ ನಕಲು ಬಂತು.

ರಬ್ಬರಿಗೆ ಅರ್ಧ. ಪ್ಲಾಸ್ಟಿಕ್ಕಿಗೆ ಅರ್ಧ.
ಇರಲಿ, ಅದು ಪಾಲಿಸಿಯೊಳಗ ಇದ್ದ ಮಾತು, ಓದಿದ್ದೆ.
ಬಾಗಿಲಕ್ಕ ಸೊನ್ನಿ.
ದಸ್ತಗೀರ್ ಕಾಕಾನ ಬಿಲ್ಲು ಅರವತ್ತೊಂದು ಸಾವಿರ,
ಮಂಜೂರಾದದ್ದು ಮೂವತ್ತನಾಕು.
ಈ ನಡುವ ವಾರಕ್ಕ ಎರಡು ಸಲ ಸಂಗಪ್ಪಜ್ಜ
ಮಂದಿ ತುಂಬಿದ ಟೆಂಪೋದಾಗ
ಚುಚ್ಚಿಸಿಕೊಂಡ ಕೈ ಎದಿಗೆ ಅವಚಿಕೊಂಡು ಹೋಗಿ ಬಂದ.
ಅದಕ್ಕ ಯಾವ ಕಾಲಮ್ಮೂ ಇರಲಿಲ್ಲ.

ಕಡೀಕ ಒಂದು ಹಾಳಿ ಬಂತು. ಇಂಗ್ಲಿಷ್.
ಸಣ್ಣ ಅಕ್ಷರ, ಕೆಳಗ ಸಹಿಗೆ ಉದ್ದ ಗೆರಿ.
ಮೆಡಿಕಲ್ ಶಾಪಿನ ಹುಡುಗ ಓದಿ ಹೇಳಿದ:
"ಪೂರ್ತಿ ತೃಪ್ತಿಯಿಂದ, ಇನ್ನೇನೂ ಕೇಳೂದಿಲ್ಲ ಅಂತ
ನೀವಾಗೆ ಬರ್ಕೊಟ್ಟಂಗ ಐತಿ, ಅಕ್ಕಾರ."

ತೃಪ್ತಿ!
ಉಂಡು ಎದ್ದಾಗ ಬರೂ ಮಾತು ಅದು.
ಕೂಸು ಹಾಲು ಕುಡದು ಬಾಯಿ ಬಿಟ್ಟಾಗ ಬರೂದು.
ಅರ್ಧ ತಾಟು ಕಸ್ಗೊಂಡು
ತೇಗು ಅಂದ್ರ ಹೆಂಗ ತೇಗಲಿ?

ಪೆನ್ನು ಇಸ್ಕೊಂಡೆ. ಗೆರಿ ಮ್ಯಾಲ ಬರೀಲಿಲ್ಲ.
ಅದರ ಮ್ಯಾಲಿನ ಖಾಲಿ ಜಾಗದಾಗ,
ಶಾಲಿ ಬಿಟ್ಟ ಮ್ಯಾಲ ಇಷ್ಟು ದುಂಡಗ ಬರದದ್ದು ಇದ ಮೊದಲು:
"ಬಂದಷ್ಟು ಹಣ ತಗೊಂಡೀನಿ.
ಬಾಗಿಲದ ತಕರಾರು ಉಳಿಸಿಕೊಂಡು.
ಗುರುಬಾಯಿ ಹಡಪದ."

ಹಾಳಿ ಹೋತು. ಜವಾಬು ಇನ್ನೂ ಬಂದಿಲ್ಲ.
ನವನಗರದ ಗ್ರಾಹಕರ ಕೋರ್ಟಿಗೆ ದಾರಿ ಕೇಳಿಟ್ಟೀನಿ.
ಬಾಗಿಲಕ್ಕ ಸಾಲದ ಬಣ್ಣ ಕೂತೈತಿ,
ಬಿಸಲಾಗ ನೋಡಿದ್ರ ಒಂದು ಪಾವು ತಿಳಿ.

ಮೊನ್ನೆ ಮಂಗಳವಾರ ಅದ ರಸ್ತೆ, ಅದ ಹೊತ್ತು,
ಹಿಂದಿನ ಸೀಟಿನಾಗ ಅದ ಗೊರಕಿ.
ಗುಂಡಿಯೊಳಗ ಗಾಲಿ ಇಳಿದು ಎದ್ದಾಗ
ಎಚ್ಚರಾಗಿ ಕೇಳಿದ: "ಊರು ಬಂತೇನ?"

ಇನ್ನೂ ಇಲ್ಲಜ್ಜಾ.
ನೀ ಮಲಕ್ಕೊ.