ಬಲಗೈ ಉಗುರು

ಎಡಗೈದು ಕತ್ತರಿಸಿದೆ, ಬಲಗೈದು ಬಿಟ್ಟೆ.
ಇಷ್ಟೇ ತೀರ್ಮಾನ. ಯಾರಿಗೂ ಹೇಳಲಿಲ್ಲ.
ಮೂರನೇ ವಾರಕ್ಕೆ ಔಷಧಿ ಅಂಗಡಿಯ ಗಾಜಿನ ಮೇಲೆ
ಚಿಲ್ಲರೆ ಎಣಿಸುವಾಗ ಟಿಕ್ಕೆಂದು ಸದ್ದಾಯಿತು.
ಬಿ.ಪಿ. ಮಾತ್ರೆಗೆ ಬರುವ ಸಂಪಂಗಮ್ಮ
ಬೆರಳನ್ನೇ ನೋಡುತ್ತ ಕೇಳಿದರು,
'ಏನಪ್ಪಾ, ಹರಕೆನಾ?'
ಹೂಂ ಅಂದೆ.

ಬೀರುವಿನ ಮೇಲಿಂದ ಇಳಿಸಿದರೆ
ಹದಿನಾಲ್ಕು ವರ್ಷದ ಧೂಳು, ಒಳಗೇನೋ ಗಲಗಲ.
ಬೋರಲು ಹಾಕಿ ಅಲ್ಲಾಡಿಸಿದೆ.
ಉದುರಿದ್ದು ಹಲ್ಲಿಮೊಟ್ಟೆಯ ಎರಡು ಚಿಪ್ಪು.
ಸೈಪ್ರೆಸ್ ಮರದ ಆ ಕತ್ತಲಲ್ಲಿ ಕಣ್ಣುಬಿಟ್ಟು
ತಂತಿಗಳ ಸಂದಿಯಲ್ಲಿ ನುಸುಳಿ
ಎರಡು ಮರಿ ಲೋಕಕ್ಕೆ ಹೋಗಿವೆ,
ನಾನು ಊರೆಲ್ಲ ಸುತ್ತುತ್ತಿದ್ದಾಗ.

ಮಲ್ಲೇಶ್ವರದಲ್ಲಿ ವೀಣೆ, ಎರಡು ವರ್ಷ.
ಗಮಕ ಕೈಗೆ ಬರುವ ಹೊತ್ತಿಗೆ ಮನಸ್ಸು ಬೇರೆ ಕಡೆ.
ಮ್ಯಾಂಡೊಲಿನ್. ಆಮೇಲೆ ಖಂಜಿರ,
ಮೋಡ ಕವಿದರೆ ಸಾಕು, ಮುಖ ಸಡಿಲ ಬಿಡುತ್ತಿತ್ತು.
ಅವೆನ್ಯೂ ರಸ್ತೆಯಲ್ಲಿ ಕೊಂಡ ಹಾರ್ಮೋನಿಯಂ ಮೇಲೆ
ತಂಗಿಯ ಮಗಳು ಕೂತು ಕಾಗುಣಿತ ಕಲಿತಳು.
ಸ್ಯಾಕ್ಸೊಫೋನಿನ ಮಾತು ಬೇಡ, ಕಂತು ಇನ್ನೂ ತೀರಿಲ್ಲ.
ಊದ್ ಅಂತ ಒಂದು, ಬಸುರಿಯ ಹೊಟ್ಟೆ, ಮೆಟ್ಟೇ ಇಲ್ಲದ ಕುತ್ತಿಗೆ;
ಕರೆಂಟು ಹೋದಾಗ ಬೆಂಕಿಪೊಟ್ಟಣ ತಡಕಿದಂತೆ
ಸ್ವರ ತಡಕಬೇಕು.
ಯಾವುದನ್ನೂ ದೂರಲಾರೆ.
ಎಲ್ಲ ಮನೆಯಲ್ಲೂ ಬಡಿಸಿದರು,
ನಾನೇ ಎಲೆ ಮಡಚಿ ಎದ್ದೆ.

ಕುಕ್ ಟೌನಿನ ಲ್ಯಾಂಬರ್ಟ್ ಸರ್ ಮಹಡಿಯಲ್ಲಿ
ಮೊದಲ ತಿಂಗಳು ಗಿಟಾರು ಮುಟ್ಟಲು ಬಿಡಲಿಲ್ಲ.
ಬರೀ ಚಪ್ಪಾಳೆ. 'ಗೋಡೆ ಗಡಿಯಾರ ನೋಡು,
ಹನ್ನೆರಡು, ಮೂರು, ಆರು, ಎಂಟು, ಹತ್ತು,
ಪೆಟ್ಟು ಅಲ್ಲೇ ಬೀಳಬೇಕು.'
ಆದಿತಾಳದ ಮನೆಯಲ್ಲಿ ಬೆಳೆದ ಕೈ ನನ್ನದು,
ಒಂದು ಅಂದರೆ ತೊಡೆಗೆ ಬಿದ್ದೇ ತೀರುವುದು.
'ಫ್ಲಮೆಂಕೊದಲ್ಲಿ ಕೊನೆಯದೇ ಮೊದಲು ಮಾರಾಯಾ'
ಅಂದರು ಸರ್, ಬಾಯಿ ತುಂಬ ಚಕ್ಕುಲಿ.
ಆ ಮಹಡಿ ಈಗ
ನಾಯಿಗಳ ಉಗುರು ಕತ್ತರಿಸುವ ಅಂಗಡಿ.

ನಿನ್ನೆ ಶಟರ್ ಎಳೆದು ಬಂದು, ಅನ್ನಕ್ಕೆ ಇಟ್ಟು, ಕೂತೆ.
ಉಂಗುರದ ಬೆರಳಿನ ಉಗುರು ಸೀಳಿತ್ತು,
ಬ್ಯಾಂಡೇಜಿನ ಎಳೆಯಿಟ್ಟು ಗೋಂದು ಹಚ್ಚಿದ್ದೆ.
ಕಿರುಬೆರಳಿಂದ ಒಂದೊಂದೇ ಬಿಚ್ಚಿ ಬೀಸಿದೆ,
ಮೊರದಲ್ಲಿ ರಾಗಿ ಕೇರುವ ಸದ್ದು ಬರಬೇಕು,
ಬಂದದ್ದು ಮೆಟ್ಟಿಲ ಮೇಲೆ ಪಾತ್ರೆ ಉರುಳಿದ್ದು.
ಮತ್ತೆ. ಮತ್ತೆ. ಕಾಕ್ಸ್ ಟೌನಿನ ಹಳಿಯ ಮೇಲೆ
ಯಾವುದೋ ಗೂಡ್ಸು ಮುಗಿಯದೆ ಹೋಗುತ್ತಿತ್ತು.
ಸೊಲೆಯಾದ ಇಳಿಜಾರಲ್ಲಿ, ಮೂರನೇ ತಂತಿಯ ಮೇಲೆ,
ಎಡಗೈ ತನ್ನಷ್ಟಕ್ಕೆ ಪಕ್ಕಕ್ಕೆ ಜಗ್ಗಿತು.
ಮಲ್ಲೇಶ್ವರ.
ಮರಕ್ಕೆ ತಟ್ಟಿದ ಬೆರಳಲ್ಲಿ ಖಂಜಿರದ ತೂಕ.
ಕಳಿಸಿಬಿಟ್ಟೆ ಅಂದುಕೊಂಡವರು
ಹಿತ್ತಲ ಬಾಗಿಲಿಂದ ಬಂದು ಕೂತಿದ್ದಾರೆ,
ಏಳಿ ಅನ್ನಲು ಬಾಯಿ ಬರಲಿಲ್ಲ.

ಕುಕ್ಕರು ಕೂಗಿತು, ತಾಳ ತಪ್ಪಿ.
ಕೆಳಮನೆಯವರು ಪೊರಕೆ ಹಿಡಿಯಿಂದ
ತಮ್ಮ ಸೂರನ್ನು, ನನ್ನ ನೆಲವನ್ನು, ಕುಟ್ಟಿದರು.
ಸರಿಯಾಗಿ ಹತ್ತಕ್ಕೇ ಬಿತ್ತು.
ಕೈ ಎತ್ತಿ ಹಿಡಿದು
ಹನ್ನೆರಡಕ್ಕೆ ಕಾದೆ.