ಹಿತ್ತಾಳೆ ಬಿಲ್ಲೆ

ಹಟ್ಟಿಯ ಟೈಂ ಆಫೀಸಿನ ಹಿಂದಿನ ಕೋಣೆ,
ತಗಡಿನ ಮಾಡು, ಮೇ ತಿಂಗಳು.
ಮೂವರು ಹುಡುಗಿಯರು ಎರಡು ವರ್ಷ ಕೂತು ಕುಟ್ಟಿದ
ಹಳೇ ಹಾಜರಿ ಪುಸ್ತಕ, ಐವತ್ತು ಲಕ್ಷ ಸಾಲು.
ಯಾರು ಎಷ್ಟಕ್ಕೆ ಇಳಿದರು, ಎಷ್ಟಕ್ಕೆ ಹತ್ತಿದರು,
ಕೂಡಿಸಿ ಹೇಳು ಎಂದು ನಾನು ಬರೆದ ಪ್ರೋಗ್ರಾಮು
ದಿನಾ ಒಂದೇ ಜಾಗದಲ್ಲಿ ಸಾಯುತ್ತಿತ್ತು.

ಮೂವತ್ತೊಂದು ಲಕ್ಷ ದಾಟುತ್ತಲೇ
ಫ್ಯಾನು ಬುಸುಗುಟ್ಟಿ,
ಬಾಣದ ಗುರುತು ಅಂಟಿಕೊಂಡು,
ಆಮೇಲೆ ಒಂದೇ ಮಾತು: ಮೆಮೊರಿ ಸಾಲದು.

ಸಾಹೇಬರನ್ನು ಹೊಸ ಮಷಿನು ಕೇಳಿದೆ.
ಮುಂದಿನ ಬಜೆಟ್ಟು ಅಂದರು.

ಅಷ್ಟರಲ್ಲಿ ವೆಂಕೋಬ ಬಂದ,
ಪಿಂಚಣಿ ಕಾಗದದಲ್ಲಿ ಎಂಕೋಬ ಆಗಿದ್ದನ್ನು
ತಿದ್ದಿಸಿಕೊಳ್ಳಲು, ನಾಲ್ಕನೆಯ ಸಲ.
ಹೆಪ್ಪುಗಟ್ಟಿದ ಪರದೆ ನೋಡಿ
‘ಯಾಕವ್ವಾ, ನಿಂತಬಿಟ್ಟೈತಿ?’
‘ಎಲ್ಲಾರೂ ಒಮ್ಮೆಗೇ ಬಂದು ನಿಂತಾರ ಕಾಕಾ,
ಈ ಇಷ್ಟ ಕೋಣ್ಯಾಗ.’

ಅವನಿಗೆ ನಗು ಬಂತು. ಕೆಮ್ಮೂ ಬಂತು.
‘ಮಂದೀನ ಯಾರರ ಮ್ಯಾಲೆ ಇಟಗೋತಾರೇನು?
ಮಂದಿ ತೆಳಗಿರಲಿ.
ಮ್ಯಾಲೆ ಬಿಲ್ಲಿ ಸಾಕು.’

ಇಪ್ಪತ್ತಾರು ವರ್ಷ ಅವನು ಶಾಫ್ಟಿನ ಬಾಯಲ್ಲಿ ಕೂತವನು.
ಬೆನ್ನ ಹಿಂದೆ ಸಾಗವಾನಿ ಹಲಗೆ,
ಹಲಗೆ ತುಂಬ ಮೊಳೆ, ಮೊಳೆಗೊಂದು ನಂಬರು.
ಇಳಿಯುವವನು ಬಿಲ್ಲೆ ಕೊಡಬೇಕು,
ಹತ್ತಿದವನು ಇಸಿದುಕೊಳ್ಳಬೇಕು.
ಹಿತ್ತಾಳೆ ಮೇಲೆ ತೂಗುತ್ತಿದ್ದರೆ ಮನುಷ್ಯ ಕೆಳಗೆ.
ಎರಡು ಸಾವಿರ ಅಡಿ ಆಳದ ಜನರನ್ನು
ಒಂದು ಬಾಗಿಲಗಲದ ಹಲಗೆಯ ಮೇಲೆ
ಹಿಡಿದಿಟ್ಟಿದ್ದ ಅವನು,
ಒಬ್ಬರ ಮುಖವನ್ನೂ ನೆನಪಿಡದೆ.

ಅವತ್ತೇ ಮಧ್ಯಾಹ್ನ ಎಲ್ಲವನ್ನೂ ಕೆಡವಿ ಮತ್ತೆ ಬರೆದೆ.
ಸಾಲುಗಳೆಲ್ಲ ಇಳಿಯಲಿ ಡಿಸ್ಕಿಗೆ.
ಮೆಮೊರಿಯಲ್ಲಿ ಬರೀ ನಂಬರು,
ಅದರ ಮಗ್ಗುಲಲ್ಲಿ ಅವರು ಇರುವ ಆಳ.
ಬೇಕಾದಾಗ ಪಂಜರ ಬಿಟ್ಟು
ಒಬ್ಬನನ್ನು ಕರೆಸು, ಲೆಕ್ಕ ಕೇಳು, ಇಳಿಸು.
ಗಳಿಗೆಗೊಮ್ಮೆ ಬೇಕಾಗುವ ಮೇಸ್ತ್ರಿಗಳನ್ನು ಮಾತ್ರ
ಶಾಫ್ಟಿನ ಬಾಯಲ್ಲೇ ಕೂರಿಸಿದೆ, ಚಾ ಕೊಟ್ಟು.

ನಿಧಾನ. ಅದೇನು ಸುಳ್ಳಲ್ಲ.
ಮೆಮೊರಿ ಅಂದರೆ ಕೈಯಳತೆಯ ಗೂಡು,
ಡಿಸ್ಕು ಅಂದರೆ ಇಳಿದು ಹತ್ತಬೇಕು.
ಡಬ್ಬಿಯೊಳಗೆ ಗರಗರ,
ಕೆಂಪು ದೀಪದ ಒಂದು ಹನಿ ಮಿಣುಕಿ ಆರಿ ಮಿಣುಕಿ.
ಕರೆಂಟು ಹೋಯಿತು, ಯುಪಿಎಸ್ಸು ಕುಂಯ್‌ಗುಟ್ಟಿತು, ಬಂತು.
ನಾನು ಮನೆಗೆ ಹೋಗಿ ರೊಟ್ಟಿ ತಿಂದು ಮಲಗಿದೆ.

ಬೆಳಿಗ್ಗೆ ಅದು ಬದುಕಿತ್ತು.
ಐವತ್ತು ಲಕ್ಷ ಇಳಿದದ್ದು. ಹತ್ತಿದ್ದು
ಒಂದು ಕಡಿಮೆ.

ನಂಬರು ೧೧೪೭. ಹುಸೇನಪ್ಪ.
ಎರಡನೇ ಪಾಳಿ, ಇಳಿದ ಹೊತ್ತು ಇದೆ,
ಹತ್ತಿದ್ದರ ಮನೆ ಖಾಲಿ.
ಆಮೇಲಿನ ಪುಟ ತೆಗೆಯಲು ಕೈ ಬರಲಿಲ್ಲ.
ಬಾಗಿಲು ತೆರೆದು ಬಿಸಿಲಲ್ಲಿ ನಿಂತೆ.
ಕಾಲಡಿ ನೆಲ ಎಂದಿನಂತೆ ಗಟ್ಟಿ.

ಮಂಗಳವಾರ ವೆಂಕೋಬ ಮತ್ತೆ ಬಂದ.
ನಂಬರು ಹೇಳಿದ್ದೇ ತಡ, ಹಣೆ ಬಡಿದುಕೊಂಡ.
‘ಆ ಹುಚ್ಚಪ್ಯಾಲಿ!
ಅವತ್ತ ಮುದಗಲ್ಲದಾಗ ಅಲಾಯಿ. ಲಾರಿ ಹೊಂಟಿತ್ತು.
ಹತ್ತಿ ಬಂದಾವ ನನ್ನ ಕಡೆ ಹೊಳ್ಳಿ ನೋಡ್ಲಿಲ್ಲ.
ಬಿಲ್ಲಿ ಮೊಳಿ ಮ್ಯಾಲೇ ಉಳೀತು.
ಆರು ಮಂದಿ ಇಳಿದು ರಾತ್ರಿಯೆಲ್ಲ
ಹೆಸರು ಹಿಡದು ಒದರ್ಯಾರ, ಕತ್ತಲ್ದಾಗ.’

ಮೂರನೇ ದಿನ ಬಂದನಂತೆ,
ಕೊರಳಲ್ಲಿ ಲಾಡಿ, ಹೆಜ್ಜೆ ಕುಣಿದು ಊದಿದ ಕಾಲು,
ವಲ್ಲಿಯ ತುದಿಯಲ್ಲಿ ಕಟ್ಟಿದ ಚೋಂಗೆ.
ಆರು ಜನಕ್ಕೂ ಒಂದೊಂದು ಕೊಟ್ಟನಂತೆ.
ಎಂಟು ದಿನದ ಪಗಾರ ಹೋಯಿತು.
‘ನೀ ತೆಗೆದು ಕೊಟ್ಟುಬಿಡಬೇಕಿತ್ತಲ್ಲ ಕಾಕಾ, ಬಿಲ್ಲೆ?’
‘ಹಂಗ ಕೊಡಂಗಿಲ್ಲ.
ಯಾರದು ಅವರ ಬಂದು ಇಸಗೋಬೇಕು.’

ಹತ್ತಿದ ಹೊತ್ತು ಎಷ್ಟೆಂದು ಬರೆಯಲಿ?
ಕೇಳಿದರೆ ಅವನಿಗೂ ಗೊತ್ತಿಲ್ಲ.
ಎಂಕೋಬನನ್ನು ವೆಂಕೋಬ ಮಾಡಿ ಮುದ್ರೆ ಒತ್ತಿ ಕಳಿಸಿದೆ.
ಆ ಮನೆಯನ್ನು ಖಾಲಿಯೇ ಬಿಟ್ಟೆ.

ಈಗಲೂ ಸಂಜೆ ಐದಕ್ಕೆ
ಪ್ರೋಗ್ರಾಮು ಎಲ್ಲ ಕೂಡಿಸಿ ಹೇಳುತ್ತದೆ:
ಕೆಳಗೆ ಒಬ್ಬ.
ನಾನು ಸರಿ ಎಂದು ಒತ್ತಿ
ದೀಪ ಆರಿಸುತ್ತೇನೆ.